ಬೈಟು ಕಾಫಿ ಮತ್ತು ರಾಜ್ಯದ ಸಾಲ

ಅಪ್ಪ ರಾಜ್ಯ ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದರು. ಎದುರು ಮನೆಯ ಮಾಮ ಕೇಂದ್ರ ಸರ್ಕಾರದ ನೌಕರರು. ಸಂಜೆಯಾದರೆ ಇಬ್ಬರೂ ಗಾಂಧಿ ಬಜಾರಿನ ಹೋಟೆಲಿನಲ್ಲಿ ಒಂದು ಬೈಟು ಕಾಫಿ ತರಿಸಿಕೊಂಡು, ಆ ಅರ್ಧರ್ಧ ಲೋಟದ ಮೇಲೆ ಗಂಟೆಗಟ್ಟಲೆ ಜಗಳವಾಡುತ್ತಿದ್ದರು. ವಿಷಯ ಯಾವಾಗಲೂ ಒಂದೇ, ಯಾರ ಸರ್ಕಾರದ ಸಾಲ ಹೆಚ್ಚು ಅಪಾಯದ್ದು ಎಂಬುದು. ಎರಡು ಸರ್ಕಾರಗಳೂ ಇವರ ಅಪ್ಪನ ಮನೆ ಆಸ್ತಿ ಎನ್ನುವ ಹಾಗೆ!

"ಸಾಲ ಮಾಡೋದು ತಪ್ಪಲ್ಲ ಕಣ್ರೀ. ಅಣೆಕಟ್ಟಿಗೆ ಮಾಡಿದ ಸಾಲ ನಾಳೆ ದುಡಿಯುತ್ತೆ. ವರಮಾನ ಬಡ್ಡಿಗಿಂತ ಜೋರಾಗಿ ಬೆಳೆದ್ರೆ ಭಯ ಇಲ್ಲ" ಎನ್ನುವುದು ಅಪ್ಪನ ವಾದ.

ಒಂದು ಸಂಜೆ ಮಾಮ ಇಡೀ ಹೋಟೆಲಿಗೆ ಕೇಳುವಂತೆ, "ಅಣೆಕಟ್ಟು ಎಲ್ಲಿದೆ ಸ್ವಾಮಿ? ನಿಮ್ ರಾಜ್ಯ ಸಂಬಳ ಕೊಡೋಕೇ ಸಾಲ ಮಾಡ್ತಿದೆ. ಅದಕ್ಕೂ ನಮ್ ದೆಹಲಿ ಒಪ್ಪಿಗೆ ಬೇಕು" ಎಂದುಬಿಟ್ಟರು.

ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅಪ್ಪನಿಗೆ ಉರಿದುಹೋಯಿತು. ಮರುದಿನ ಬೇರೆ ಮೇಜಿಗೆ ಹೋಗಿ ಒಬ್ಬರೇ ಫುಲ್ ಕಾಫಿ ತರಿಸಿಕೊಂಡರು. ಬಸವನಗುಡಿಯಲ್ಲಿ ಸ್ನೇಹ ಮುರಿಯಿತು ಎಂದು ಸಾರಲು ಅಷ್ಟು ಸಾಕು.

ಫುಲ್ ಕಾಫಿ ಅವರ ಹೊಟ್ಟೆಗೆ ಆಗಿಬರಲಿಲ್ಲ. ಉಳಿದರ್ಧ ಕುಡಿಯಲು, ಕಾಲೇಜಿನಿಂದ ಬಂದ ನನ್ನನ್ನು ದಿನವೂ ಎಳೆದೊಯ್ಯತೊಡಗಿದರು. ನಾನು ಎಲ್ಲಕ್ಕೂ "ಹೌದಪ್ಪ" ಎನ್ನುತ್ತಿದ್ದೆ. ಎದುರಾಡುವವರಿಲ್ಲದೆ ಅಪ್ಪ ಸೊರಗಿದರು. ಅವರಿಗೆ ಮಾಮನನ್ನು ಬಿಟ್ಟರೆ ಸ್ನೇಹಿತರೆಂದು ಇನ್ಯಾರೂ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಮಾಮನೂ, ಪಾಪ, ಓದಿದ ಪೇಪರನ್ನೇ ಮತ್ತೆ ಮತ್ತೆ ತಿರುವಿಹಾಕುತ್ತಿದ್ದರು. ಇಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮುದ್ದು ಬರುತ್ತಿತ್ತು.

ಹೀಗೇ ತಿಂಗಳುಗಳು ಕಳೆದ ಮೇಲೆ, ರಾಜ್ಯ ತನ್ನ ಸಾಲಕ್ಕೆ ತಾನೇ ಮಿತಿ ಹಾಕಿಕೊಳ್ಳುವ ಕಾನೂನು ಮಾಡಿತು. ದೆಹಲಿ ಇನ್ನೂ ಮಾಡಿರಲಿಲ್ಲ. ಅಪ್ಪ ಅಂದು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋಟೆಲಿಗೆ ಹೊರಟರು. ಸುದ್ದಿಯನ್ನು ನನಗೇ ಹೇಳುವವರಂತೆ, ಪಕ್ಕದ ಮೇಜಿಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

"ಕಾನೂನು ಮಾಡಿದ್ರೆ ಸಾಲ ತೀರ್ಬಿಡುತ್ತಾ?" ಪೇಪರಿನ ಹಿಂದಿನಿಂದ ಮಾಮನ ದನಿ ಬಂತು.

"ನಿಮ್ ದೆಹಲಿ ಅದನ್ನೂ ಮಾಡಿಲ್ವಲ್ಲ ಸ್ವಾಮಿ!"

"ಮಾಡಿದ್ದು ಸರಿ. ಪಾಲಿಸ್ತೀರೇನ್ರೀ?"

ಪೇಪರು ಕೆಳಗಿಳಿಯಿತು. ಮಾಮ ಎದ್ದು ಬಂದು ನಮ್ಮ ಮೇಜಿನಲ್ಲಿ ಕುಳಿತರು. ಉತ್ತರ ಕೊಡುವ ಮೊದಲು ಅಪ್ಪ, ನಾನಿನ್ನೂ ತುಟಿಗೆ ತಾಗಿಸದ ಲೋಟವನ್ನು ನನ್ನ ಕೈಯಿಂದ ತೆಗೆದು ಮಾಮನ ಮುಂದಿಟ್ಟರು.

"ನೀನು ಮನೆಗೆ ಹೋಗಮ್ಮ" ಎಂದರು ನನಗೆ. "ನಾನು ಬರೋದು ಲೇಟಾಗುತ್ತೆ ಅಂತ ಅಮ್ಮಂಗೆ ಹೇಳು."