ಮೂರನೇ ಚರಣ

ಕೆಸರೆಯ ಮಹದೇವಪ್ರಸಾದರಿಗೆ ಶುಕ್ರವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಲವತ್ತು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡಿದ ಮನುಷ್ಯ. ಅದರಲ್ಲೂ ‘ನಿನ್ನ ಬೀದಿಯ ತಿರುವಿನಲಿ’ ಎಂಬ ಹಳೇ ಸಿನಿಮಾ ಪ್ರೇಮಗೀತೆಯನ್ನು ಅವರ ಬಾಯಲ್ಲೇ ಕೇಳಬೇಕು ಎನ್ನುತ್ತಿತ್ತು ಮೈಸೂರು. ಅವರಿಗೂ ಜಂಬ ಕಡಿಮೆಯಿರಲಿಲ್ಲ. ಕವಿ ಬರೆದದ್ದರಲ್ಲಿ ಒಂದಕ್ಷರ ಆಚೀಚೆ ಮಾಡಿದವನಲ್ಲ ನಾನು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದವರು.

ಆ ಜಂಬಕ್ಕೇ ಈಗ ಸಂಚಕಾರ ಬಂದಿತ್ತು. ಹಾಡಿನ ಚರಿತ್ರೆ ಹುಡುಕುತ್ತಿದ್ದ ರಕ್ಷಿತಾ ಎಂಬ ರೇಡಿಯೊ ಹುಡುಗಿ ಮನೆಗೆ ಬಂದು, ಕಾಫಿ ಕುಡಿದು, ಮೆತ್ತಗೆ ಕೇಳಿದ್ದಳು:

“ಸರ್, ಗ್ರಾಮಫೋನ್ ತಟ್ಟೆಯಲ್ಲಿ ಎರಡೇ ಚರಣ ಇದೆ. ಟಾಕೀಸಲ್ಲಿ ಮಾರ್ತಿದ್ದ ಹಾಡಿನ ಪುಸ್ತಕದಲ್ಲೂ ಎರಡೇ. ಮೂರನೇದನ್ನ ಮೈಸೂರಲ್ಲಿ ಮಾತ್ರ ಹಾಡ್ತಾರೆ. ಮೊದಲಿನ ಎರಡು ಹುಡುಗನ ಮಾತು, ಇದೊಂದು ಹೆಂಗಸಿನ ಮಾತು. ಎಲ್ಲಿಂದ ಬಂತು?”

“ಕವಿಗಳೇ ಬರೆದದ್ದು ಕಣಮ್ಮ. ತಟ್ಟೆಯಲ್ಲಿ ಜಾಗ ಸಾಲದೆ ಬಿಟ್ಟಿರ್ತಾರೆ.”

“ಹಾಗಾದ್ರೆ ಆಧಾರ ಹುಡುಕಿಡಿ ಸರ್. ಭಾನುವಾರ ರೆಕಾರ್ಡಿಂಗ್‌ಗೆ ಬರ್ತೀನಿ.”

ಆಧಾರ ಎಲ್ಲಿಂದ ತರುವುದು? ಹಾಡು ಎಷ್ಟೇ ಬಾಯಿಪಾಠವಿದ್ದರೂ ಆರ್ಕೆಸ್ಟ್ರಾದವರ ಮುಂದೆ ಕೈಬರಹದ ಪುಸ್ತಕ ಇರಲೇಬೇಕು. ಅದರಲ್ಲಿದ್ದದ್ದೇ ಅವರಿಗೆ ವೇದ. ರೇಡಿಯೊದಲ್ಲಿ ಮಾನ ಹರಾಜಾಗುವ ಚಿತ್ರ ಕಣ್ಣಿಗೆ ಕಟ್ಟಿ, ಮಹದೇವಪ್ರಸಾದರು ಶನಿವಾರ ಬೆಳಗ್ಗೆ ತಿಂಡಿಯನ್ನೂ ಅರ್ಧಕ್ಕೆ ಬಿಟ್ಟು ಶ್ರೀರಾಂಪುರಕ್ಕೆ ಓಡಿದರು. ಅಲ್ಲಿ ಅವರ ಹಳೇ ತಬಲಾ ಜೊತೆಗಾರ ಸಣ್ಣಮಾದಯ್ಯ ನಕ್ಕುಬಿಟ್ಟ.

“ನನ್ನೇನ್ ಕೇಳ್ತೀಯ ಮಾರಾಯ? ಊರೋರೆಲ್ಲ ನಿನ್ ಪುಸ್ತಕ ನೋಡ್ಕಂಡೇ ಬರ್ಕೊಂಡಿದ್ದು ಕಣೋ. ಅದಕ್ಕಿಂತ ಮುಂಚೆ ಆ ಚರಣ ಯಾರೂ ಹಾಡ್ತಿರಲಿಲ್ಲ.”

ಮನೆಗೆ ಬಂದವರೇ ಟ್ರಂಕು ತಡಕಾಡಿ ಹಳೇ ಡೈರಿ ತೆಗೆದರು. ಮದುವೆಯಾದ ವರ್ಷ ಬೋಗಾದಿಯ ಒಂದು ಚಪ್ಪರದಲ್ಲಿ ಮಳೆ ಸುರಿದು ಅವರ ಮೊದಲ ಪುಸ್ತಕ ಒದ್ದೆಮುದ್ದೆಯಾಗಿತ್ತು. ಹೊಸ ಡೈರಿ ತಂದು ಎಲ್ಲ ಹಾಡನ್ನೂ ನಕಲು ಮಾಡಿಕೊಟ್ಟವರು ಹೆಂಡತಿ ಗಿರಿಜಾಂಬಾ. ಮೂರನೇ ಚರಣವನ್ನೂ ಎಲ್ಲೋ ಹಾಡಿನ ಪುಸ್ತಕದಲ್ಲಿ ನೋಡಿ ಸೇರಿಸಿರಬೇಕು ಎಂದುಕೊಂಡಿದ್ದರು ಆಗ ಇವರು. ಆ ಪುಟದಲ್ಲಿ, ಅದೇ ಗುಂಡಗಿನ ಅಕ್ಷರದಲ್ಲಿ:

‘ಅಗುಳಿ ಹಾಕದ ಬಾಗಿಲ ಹಿಂದೆ ಅರೆನಿದ್ದೆಯಲಿ ಕಾದಿರುವೆ,
ಊರಿಗೆಲ್ಲ ಒಲವ ಹಂಚಿ ಬಂದವನೆ, ನನಗೇನು ಉಳಿಸಿ ತಂದಿರುವೆ?’

ಸಾವಿರ ಮದುವೆಯಲ್ಲಿ ವಧೂವರರತ್ತ ಕೈ ಚಾಚಿ ಹಾಡಿದ ಸಾಲು. ಅದನ್ನು ಹಾಡದೆ, ಬರೀ ಓದಿದ್ದು ಇವತ್ತೇ ಮೊದಲು. ಮಹದೇವಪ್ರಸಾದರು ಇನ್ನೊಮ್ಮೆ ಓದಿದರು. ರೇಡಿಯೊ, ಕವಿ, ಆಧಾರ ಎಲ್ಲ ಮರೆತು ಡೈರಿ ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಗಿರಿಜಾಂಬಾ ಅವರೆಕಾಳು ಹಿದುಕುತ್ತ ಕೂತಿದ್ದರು.

“ಇದನ್ನ ನೀನು ಬರೆದದ್ದಾ?”

ಅವರು ಪುಟ ನೋಡಿದರು. ಕೈ ನಿಲ್ಲಿಸಲಿಲ್ಲ. “ಹೂಂ ಕಣ್ರೀ.”

“ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ, ಗಿರಿಜಾ?”

“ಹೇಳೋದೇನು, ಬರೆದು ಕೈಗೇ ಕೊಟ್ಟಿದ್ನಲ್ಲ. ಓದ್ಬುಟ್ಟು ನಂಗೇನಾದ್ರೂ ಹೇಳ್ತೀರ ಅಂತ ಕಾದೆ. ಮುಂದಿನ ವಾರ ನಮ್ ತಂಗಿ ಮದುವೇಲಿ ಸ್ಟೇಜ್ ಹತ್ತಿ ಹಾಡ್ಬುಟ್ರಿ.”

ಮಹದೇವಪ್ರಸಾದರು ಅಲ್ಲೇ ಹೆಂಡತಿಯ ಪಕ್ಕ ನೆಲದ ಮೇಲೆ ಕೂತರು.

“ನಾನು ಹಾಡುವಾಗ ನೀನು ಎಲ್ಲಿದ್ದೆ ಅವತ್ತು?”

“ಮುಂದಿನ ಸಾಲಲ್ಲೇ ಇದ್ದೆ. ಎಲ್ರೂ ಚಪ್ಪಾಳೆ ತಟ್ಟಿದ್ರು,” ಅಂದರು ಗಿರಿಜಾಂಬಾ. “ನಾನೂ ತಟ್ಟಿದೆ.”