ಏಳು ಎಳಿ ಉಳದ್ವು

ಬಾಗಲಕೋಟಿ ಜಿಲ್ಲಾ ಆಗಿ ಎರಡು ಮೂರು ವರ್ಷ ಆಗಿರಬೇಕು, ನಂಗ ಥೈರಾಯ್ಡ್ ಐತಿ ಅಂತ ಗೊತ್ತಾತು. ಅದಕ್ಕೂ ಮೊದಲ ವರ್ಷೊಪ್ಪತ್ತು ನಮ್ಮತ್ತಿ ನಂಗ ಇಟ್ಟ ಹೆಸರು ಮೈಗಳ್ಳಿ. ಬಾಣಂತನ ಮುಗದ್ರೂ ಕುಂತಲ್ಲೇ ತೂಕಡಿಸತಿದ್ದೆ, ಒಲಿ ಮ್ಯಾಲ ಬ್ಯಾಳಿ ಇಟ್ಟು ಮರೀತಿದ್ದೆ. “ಹಡದಾಕಿ ನೀ ಒಬ್ಬಾಕೇ ಏನ? ನಾ ಐದು ಹಡದು ಮಗ್ಗದ ಕೆಲಸಾ ಮಾಡೇನಿ” ಅಂತಿದ್ಲು. ನಾನೂ ಸುಮ್ಮ ಕೂಡಾಕಿ ಅಲ್ಲ. “ಐದು ಹಡದ್ರಿ, ಪುಣ್ಯಾಕ್ಕ ನಿಮ್ಮ ನಾಲಿಗಿ ಯಾವದಕ್ಕೂ ಬಂದಿಲ್ಲ” ಅಂತಿದ್ದೆ.

ಇಳಕಲ್ಲಿನ ನಮ್ಮ ಮನ್ಯಾಗ ಒಂದ ಮಗ್ಗ. ನೇಯೂದು ನಮ್ಮ ಮನಿಯವರು, ಕೊಂಡಿ ಹಾಕೂದು ಹೆಣ್ಮಕ್ಕಳು. ನಮ್ಮ ಸೀರಿಗೆ ಒಡಲಿನ ಹಾಸು, ಅಂದ್ರ ಉದ್ದನ ಎಳಿ, ಬ್ಯಾರೆ, ಸೆರಗಿನ ಕೆಂಪು ರೇಶ್ಮಿ ಹಾಸು ಬ್ಯಾರೆ. ಒಂದೊಂದ ಎಳಿ ಹಿಡದು, ಕುಣಿಕಿಗೆ ಕುಣಿಕಿ ಸಿಗಿಸಿ ಎರಡನ್ನೂ ಕೂಡಿಸಬೇಕು. ಅದಕ್ಕ ಕೊಂಡಿ ಅಂತಾರ. ಅದೂ ಸಾವಿರಾರು ಎಳಿ. ಒಂದ ಕುಣಿಕ್ಯಾಗ ಎರಡು ಹೋದ್ವು ಅಂದ್ರ ಮುಂದಿನವೆಲ್ಲಾ ಸರೀತಾವ, ಕಡೀಕ ಒಂದ ಎಳಿ ಜೋಡಿ ಇಲ್ಲದ ಉಳೀತೈತಿ. ಆಗ ಎಲ್ಲಾ ಬಿಚ್ಚಬೇಕು. ಆ ಕೆಲಸದಾಗ ನಾ ಓಣಿಗೇ ಹುಶಾರ. ಅಡಗಿ ಸುಮಾರು, ನನ್ನ ರೊಟ್ಟಿ ಒಂದೊಂದೂ ಒಂದೊಂದ ದೇಶದ ನಕಾಶಿ. ಕೊಂಡಿ ಅಂದ್ರ ಮಾತ್ರ ನನ್ನ ಕರೀತಿದ್ರು. ಅದೂ ಹೋದ್ರ ಈ ಮನ್ಯಾಗ ನಾ ಯಾರು ಅಂತ ಹೆದರತಿದ್ದೆ.

ಬಾಗಲಕೋಟ್ಯಾಗ ರಕ್ತ ತಪಾಸ ಮಾಡಿ ಗುಳಿಗಿ ಬರದು ಕೊಟ್ರು. ದಿನಾ ಮುಂಜಾನೆ ಬರೇ ಹೊಟ್ಟಿಲೇ, ಚಾ ಕುಡಿಯೂದಕ್ಕಿಂತ ಮೊದಲ ತಗೋಬೇಕು. ಆರು ತಿಂಗಳದಾಗ ಮಾರಿ ಬಾವು ಇಳೀತು, ಕೂದಲು ಉದುರೂದು ನಿಂತಿತು. “ರಿಪೋರ್ಟ್ ಬರೋಬ್ಬರಿ ಐತವ್ವಾ. ದಣಿವು ಹೋಗಾಕ ಇನ್ನ ಟೈಮ ಹಿಡೀಬಹುದು, ಸಾವಕಾಶ ಮಾಡು” ಅಂದ್ರು ಡಾಕ್ಟರು. ಮಂದಿ ಕಿವಿಗೆ ಬಿದ್ದದ್ದು ಬರೋಬ್ಬರಿ ಅನ್ನೂದಷ್ಟ. ರೋಗ ಕುತ್ತಿಗಿಗೆ, ಶಿಕ್ಷಾ ತಲಿಗೆ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ, ಹಂಗಾಗಿತ್ತು ನನ್ನ ಬಾಳೆ. ತಲ್ಯಾಗ ಯಾರೋ ತೊಯ್ಸಿದ ಕೌದಿ ಹಾಸಿಧಂಗ ಇರತಿತ್ತು.

ಆ ರಿಪೋರ್ಟ್ ತಗೊಂಡು ಬಾಗಲಕೋಟಿಂದ ಹೊಳ್ಳಿ ಬರೂ ಮುಂದ ಹುನಗುಂದದಾಗ ಬಸ್ಸಿನಿಂದ ಇಳದೆ. ಯಾಕ ಇಳದೆ ಅನ್ನೂದ ನೆನಪಾಗವಲ್ದು. ಬಸ್ಸು ಹೋತು. ಸ್ಟ್ಯಾಂಡಿನಾಗ ಕಟ್ಟಿ ಮ್ಯಾಲ ಕುಂತು ಅತ್ತೆ. ಮನಿಗೆ ಬಂದು ಹೇಳಿದಾಗ ನಮ್ಮ ಮನಿಯವರು ನಕ್ಕರು. ಅತ್ತಿ ನಗಲಿಲ್ಲ.

ಮರುದಿನ ಆಕೀನ ಹೊಸಾ ಕಾನೂನು ಮಾಡಿದ್ಲು. “ಕೊಂಡಿ ಮುಂಜಾನೆ ಅಷ್ಟ ಹಾಕು. ಐವತ್ತು ಎಳಿ ಆದ್ರ ಒಂದ ಬಿಳಿ ದಾರದ ಗುರ್ತು ಕಟ್ಟು, ಎದ್ದು ಅಡ್ಡಾಡು. ಉಂಡ ಮ್ಯಾಲ ಮಲಕೊ. ಯಾರರ ಏನರ ಅಂದ್ರ ನನ್ನ ಹೆಸರ ಹೇಳು.” ಅಯ್ಯ ಶಿವನ, ಸೂರ್ಯಾ ಯಾವ ದಿಕ್ಕಿಗೆ ಹುಟ್ಟಿದಾ ಅಂತ ನೋಡಿದೆ ನಾ! ಆದ್ರೂ ಹೇಳಿಧಂಗ ಮಾಡಿದೆ. ಒಂದ ಹಾಸು ಕೂಡಸಾಕ ಮೂರ ಮುಂಜಾನೆ ಹಿಡೀತಿದ್ವು. ಕಡೀ ಎಣಿಕಿ ಮಲಗಿ ಎದ್ದ ಮ್ಯಾಲ ಮಾಡಿದೆ, ಒಂದ ಎಳೀನೂ ಉಳೀಲಿಲ್ಲ. ಮುಂದಿನ ಹಾಸಿನ್ಯಾಗೂ ಇಲ್ಲ. “ನನ್ನ ತಲಿ ನಂಗ ಹೊಳ್ಳಿ ಬಂತವ್ವಾ” ಅಂತ ಓಣಿ ತುಂಬ ಡಂಗುರ ಸಾರಿದೆ.

ಮಧ್ಯಾಹ್ನ ನಾ ಎದ್ದಾಗ ಮೊರದಾಗ ಜ್ವಾಳ ಇಟ್ಟಲ್ಲೇ ಇರತಿತ್ತು. ಒಂದಿನ ಸಿಟ್ಟು ನೆತ್ತಿಗೇರಿತು. “ಇಷ್ಟೊತ್ತನಕ ಏನ ಮಾಡಿದ್ರಿ? ಒಂದ ಸೇರ ಜ್ವಾಳ ಹಸನ ಮಾಡಾಕ ಆಗಲಿಲ್ಲೇನ? ಈಗ ಹೇಳ್ರಿ, ಮೈಗಳ್ಳಿ ಯಾರು?” ಅಂದೆ. ಅತ್ತಿ ಕಣ್ಣು ಒರಸಿಕೊಂಡು ಮೊರ ಎಳಕೊಂಡ್ಲು. ಕಣ್ಣಾಗ ಪೊರಿ ಬಂದಿತ್ತು, ನೀರು ಸುರೀತಿದ್ವು. ನಾ ಗೆದ್ದೆ ಅಂತ ತಿಳಕೊಂಡೆ.

ನಾಲ್ಕು ವರ್ಷ ಹಿಂಗ ನಡೀತು. ಆಮ್ಯಾಲ ಎದಿನೋವು ಅಂತ ಎರಡ ದಿನ ಮಲಗಿ ಅತ್ತಿ ಹೋಗಿಬಿಟ್ಲು.

ಆಕಿ ದಿನಕರ್ಮ ಮುಗದ ಮ್ಯಾಲ ಮಗ್ಗಕ್ಕ ಹೊಸಾ ಹಾಸು ಬಂತು. ಮೂರ ಮುಂಜಾನೆ, ಐವತ್ತಕ್ಕೊಂದ ಬಿಳಿ ದಾರ, ಎಲ್ಲಾ ಪದ್ಧತಿ ಪ್ರಕಾರ. ಕಡೀಕ ನೋಡ್ತೇನಿ, ಏಳು ಎಳಿ ಉಳದಾವ! ಬಿಚ್ಚಿ ಮತ್ತ ಹಾಕಿದೆ. ನಾಕು ಉಳದ್ವು. ಹಾಸಿನ್ಯಾಗ ಏನೋ ತಪ್ಪೈತಿ ಅಂತ ನಮ್ಮ ಮನಿಯವರ ಮ್ಯಾಲ ಒದರಾಡಿದೆ.

ಅವರು ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಿದ್ರು, ಮ್ಯಾಲ ನೋಡಲಿಲ್ಲ. “ಹಾಸು ಬರೋಬ್ಬರಿ ಐತಿ. ನೀ ಮಲಕೊಂಡಾಗ ಅವ್ವ ತಪ್ಪಿದಲ್ಲಿಂದ ಬಿಚ್ಚಿ ಮತ್ತ ಕೂಡಸತಿದ್ಲು. ಕಣ್ಣು ಕಾಣತಿದ್ದಿಲ್ಲ, ನಿನ್ನ ಬಿಳಿ ದಾರಾ ಹಿಡದು ಬೆರಳಿಲೇ ಎಣಸತಿದ್ಲು. ನಿಂಗ ಹೇಳಬಾರದಂತ ನಂಗ ಆಣಿ ಹಾಕಿದ್ಲು” ಅಂದ್ರು.

“ಯಾಕ?”

“‘ತನ್ನ ತಲಿ ನೆಟ್ಟಗಾತು ಅಂತ ತಿಳಕೊಳ್ಳಲಿ ಆಕಿ, ತಿಳಕೊಂತ ತಿಳಕೊಂತ ಖರೇನ ನೆಟ್ಟಗಾಕ್ಕೈತಿ’ ಅಂತಿದ್ಲು.”

ನಂಗ ಅಳೂ ಬಂತು, ಸಿಟ್ಟೂ ಬಂತು. ಸತ್ತಾಕಿ ಜೋಡಿ ಜಗಳಾ ಹೆಂಗ ಮಾಡೂದು, ಕಾಲ ಹೆಂಗ ಹಿಡಿಯೂದು? ಹಾಸು ಸುತ್ತಿ ಹಿಂದಿನ ಓಣಿ ಹೆಣ್ಮಗಳ ಕಡೆ ಕೊಂಡಿಗೆ ಕಳಸ್ರಿ ಅಂತ ನಾನ ಹೇಳಿದೆ. ನಂಗ ಇನ್ನೂ ಆಗವಲ್ದು ಅನ್ನೂ ಮಾತು ಅವತ್ತ ಮೊದಲ ಸಲ ನನ್ನ ಬಾಯಾಗ ಬಂತು. ಯಾವ ರಿಪೋರ್ಟೂ ಕೇಳದ ಅದನ್ನ ನಂಬಿದಾಕಿ ಈ ಮನ್ಯಾಗ ಒಬ್ಬಾಕೇ ಇದ್ಲು, ಆಕಿನ್ನ ಮಣ್ಣ ಮಾಡಿ ಬಂದಿದ್ವಿ.