ಹಗ್ಗ ಸಡ್ಲ ಬಿಡು

ಸೂಡಿ ರಸ್ತೆಯಲ್ಲಿ ಎದುರಿಗೆ ಚಕ್ಕಡಿ ಬರುತ್ತಿತ್ತು. ನನ್ನ ಬೈಕು ನಿಲ್ಲಲಿ ಎಂದು ಹ್ಯಾಂಡಲ್ಲನ್ನು ಎರಡೂ ಕೈಯಿಂದ ಎದೆಯ ಕಡೆಗೆ ಜಗ್ಗಿದೆ. ಬಾಯಲ್ಲಿ 'ಹೋ, ಹೋ' ಎನ್ನುತ್ತಲೂ ಇದ್ದೆ. ಜಗ್ಗಿದಷ್ಟೂ ಬಲಗೈಯ ಹಿಡಿಯಲ್ಲಿದ್ದ ರೇಸ್ ತಿರುಗಿ ಅದು ಮುಂದಕ್ಕೇ ಹಾರುತ್ತಿತ್ತು. ನನಗೆ ಐವತ್ತೊಂದು ವರ್ಷ. ಹುಡುಗತನದಿಂದ ಎತ್ತು ಹೊಡೆದ ಕೈ; ನಿಲ್ಲಿಸಬೇಕೆಂದರೆ ಹಗ್ಗ ಜಗ್ಗುವುದೊಂದೇ ಅದಕ್ಕೆ ಗೊತ್ತು.

ಕಲಿಸಲು ಬಂದಿದ್ದ ನೆರೆಮನೆಯ ಮೌಲಾಸಾಬ ಹಿಂದಿನಿಂದ ಓಡುತ್ತ, "ರೇಸ್ ಬಿಡ್ರಿ, ರೇಸ್ ಬಿಡ್ರಿ" ಎಂದು ಕೂಗುತ್ತಿದ್ದ. ಆ ಮಾತು ಕಿವಿಗೆ ಬಿತ್ತೇ ಹೊರತು ಕೈಗೆ ಇಳಿಯಲಿಲ್ಲ.

ಚಕ್ಕಡಿಯ ಮೇಲಿದ್ದ ಅಜ್ಜ ಎದ್ದು ನಿಂತು ಗದರಿದ: "ಹಗ್ಗ ಸಡ್ಲ ಬಿಡೋ ತಮ್ಮಾ."

ಕೈ ತಾನಾಗಿಯೇ ಸಡಿಲಾಯಿತು. ಬೈಕು ಎರಡು ಸಲ ಮುಗ್ಗರಿಸಿ, ಎತ್ತುಗಳಿಂದ ಒಂದು ಮಾರು ದೂರದಲ್ಲಿ ಬಂದ್ ಬಿತ್ತು. ನಾನು ಇಳಿದು ಕೈ ಮುಗಿದೆ. ಅಜ್ಜ ಬೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕ. "ನಾ ಒಂದ ದಿನಾನೂ ಬೈಕ್ ಹೊಡದಾಂವಲ್ಲ. ನೀ ಹೋ ಹೋ ಅಂದೆಲ್ಲಾ, ಅದಕ್ಕ ತಿಳೀತು."

ಈಗ ಗಜೇಂದ್ರಗಡದ ಸಂತೆಗೆ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ನಾನೇ ಹೋಗುತ್ತೇನೆ. ಮೌಲಾಸಾಬ ನಮ್ಮಂಥ ಒಕ್ಕಲುತನದವರಿಗೆ ಕಲಿಸುವಾಗ ರೇಸ್ ಎನ್ನುವುದನ್ನೇ ಬಿಟ್ಟು ಹಗ್ಗ ಎನ್ನುತ್ತಾನೆ. ನಾನಂತೂ ಬ್ರೇಕ್ ಒತ್ತುವಾಗ ಇಂದಿಗೂ 'ಹೋ' ಎನ್ನುತ್ತೇನೆ. ಮೊದಮೊದಲು ನಗುತ್ತಿದ್ದ ಹೆಂಡತಿ, ಈಚೆಗೆ ಎದುರಿಗೆ ಬಸ್ಸು ಕಂಡರೆ ನನಗಿಂತ ಮೊದಲೇ 'ಹೋ' ಎನ್ನುತ್ತಾಳೆ.